ಡಿಗ್ರಿಯಿಂದ ರೇಡಿಯನ್‌ಗೆ: ಶೀಟಿನಲ್ಲಿ ಯಾವ ಫಾರ್ಮುಲಾ ಯಾವಾಗ?

ಭಾವನ ಮನೆ ಬೆಂಗಳೂರಿನ ಅಂಚಿನಲ್ಲಿದೆ. ಹೋದ ವರ್ಷ ತಾರಸಿ ಮೇಲೆ ಸೋಲಾರ್ ಪ್ಯಾನೆಲ್ ಹಾಕಿಸಲು ಹೊರಟರು. ದಕ್ಷಿಣದ ಕಡೆ ಒಂದು ಮೀಟರ್ ಎತ್ತರದ ಪ್ಯಾರಪೆಟ್ ಗೋಡೆ ಇದೆ. ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಆಗ ಗೋಡೆಯ ನೆರಳು ಪ್ಯಾನೆಲ್ ಮೇಲೆ ಬೀಳಬಾರದು. ಎಷ್ಟು ಜಾಗ ಬಿಡಬೇಕು ಅಂತ ಲೆಕ್ಕ ಹಾಕುವ ಕೆಲಸ ನನ್ನ ತಲೆಗೆ ಬಂತು.

ಲೆಕ್ಕವೇನೋ ಸುಲಭದ್ದು. ಬೆಂಗಳೂರಿನ ಅಕ್ಷಾಂಶ 12.97 ಡಿಗ್ರಿ. ಡಿಸೆಂಬರ್ 21ರ ಸುಮಾರಿಗೆ ಸೂರ್ಯ ಭೂಮಧ್ಯರೇಖೆಗಿಂತ ಸುಮಾರು 23.45 ಡಿಗ್ರಿ ದಕ್ಷಿಣದಲ್ಲಿರುತ್ತಾನೆ. 90ರಿಂದ ಇವೆರಡನ್ನೂ ಕಳೆದರೆ 53.58. ನಡುಮಧ್ಯಾಹ್ನ ಸೂರ್ಯ ದಿಗಂತದಿಂದ ಅಷ್ಟು ಡಿಗ್ರಿ ಮೇಲಿರುತ್ತಾನೆ. ಗೋಡೆಯ ಎತ್ತರವನ್ನು ಈ ಕೋನದ ಟ್ಯಾನ್‌ನಿಂದ ಭಾಗಿಸಿದರೆ ನೆರಳಿನ ಉದ್ದ ಸಿಗುತ್ತದೆ. ಎಕ್ಸೆಲ್‌ನಲ್ಲಿ =1/ಟ್ಯಾನ್(53.58) ಅಂತ ಹಾಕಿದೆ. 5.7 ಮೀಟರ್ ಅಂತು.

"ಏನಪ್ಪಾ ಇದು, ಸೊಂಟದಷ್ಟು ಎತ್ತರ ಇರೋ ಗೋಡೆಗೆ ಮಟಮಟ ಮಧ್ಯಾಹ್ನ ಇಷ್ಟುದ್ದ ನೆರಳಾ?" ಅಂದರು ಭಾವ. ಅವರು ಓದಿದ್ದು ಕಾಮರ್ಸ್. ಎಂಜಿನಿಯರಿಂಗ್ ಓದಿದ ನಾನು ಎರಡು ದಿನ ವಾದ ಮಾಡಿದೆ.

ಸರಿಯಾದ ಉತ್ತರ 0.74 ಮೀಟರ್. ನಾನು ಕೊಟ್ಟಿದ್ದು ಡಿಗ್ರಿ, ಎಕ್ಸೆಲ್ ಓದಿಕೊಂಡಿದ್ದು ರೇಡಿಯನ್. ಉತ್ತರ ಮೈನಸ್‌ನಲ್ಲಿ ಬಂದಿದ್ದರೆ ಆಗಲೇ ಗೊತ್ತಾಗುತ್ತಿತ್ತು. ಇದು ಪ್ಲಸ್ಸೇ ಬಂತು, ಮೀಟರಿನ ಲೆಕ್ಕದಲ್ಲೇ ಬಂತು, ನಂಬುವ ಹಾಗೇ ಇತ್ತು. ಈ ತಪ್ಪಿನ ಕೆಟ್ಟ ಗುಣವೇ ಅದು. ಶೀಟು ಎಲ್ಲೂ ಕೆಂಪು ಗುರುತು ತೋರಿಸುವುದಿಲ್ಲ.

ಅವತ್ತಿನಿಂದ ಕೋನ ಬದಲಿಸುವ ದಾರಿಗಳನ್ನೆಲ್ಲ ಒಂದೊಂದಾಗಿ ಹಚ್ಚಿ ನೋಡಿದ್ದೇನೆ. ಯಾವುದು ಎಲ್ಲಿ ಸರಿ, ಎಲ್ಲಿ ಕೈ ಕೊಡುತ್ತದೆ ಅನ್ನುವುದನ್ನು ಇಲ್ಲಿ ಹೇಳುತ್ತೇನೆ. ಒಂದು ಮಾತು: ಫಾರ್ಮುಲಾಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಶೀಟಿನಲ್ಲಿ ಫಂಕ್ಷನ್ ಹೆಸರನ್ನೂ ಸೆಲ್ ಹೆಸರನ್ನೂ ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು.

ಮೊದಲು, ಈ ರೇಡಿಯನ್ ಯಾಕೆ?

ನಮ್ಮಲ್ಲಿ ಎಸ್ಸೆಸ್ಸೆಲ್ಸಿವರೆಗೆ ತ್ರಿಕೋನಮಿತಿ ಎಲ್ಲಾ ಡಿಗ್ರಿಯಲ್ಲೇ ನಡೆಯುತ್ತದೆ. ರೇಡಿಯನ್ ಎದುರಾಗುವುದು ಫಸ್ಟ್ ಪಿಯುಸಿಯಲ್ಲಿ. ಅಲ್ಲಿ ಗಣಿತ ತೆಗೆದುಕೊಳ್ಳದ ಎಷ್ಟೋ ಜನರಿಗೆ ಅದೂ ಇಲ್ಲ. ಆದ್ದರಿಂದ ಶೀಟು ರೇಡಿಯನ್ ಕೇಳುತ್ತದೆ ಅಂತ ಹೊಳೆಯದೇ ಇರುವುದು ತೀರಾ ಸಹಜ.

ವೃತ್ತದ ತ್ರಿಜ್ಯದಷ್ಟೇ ಉದ್ದದ ದಾರವನ್ನು ವೃತ್ತದ ಅಂಚಿಗೆ ಬಾಗಿಸಿ ಇಡಿ. ಆ ಕಂಸ ಕೇಂದ್ರದಲ್ಲಿ ಮಾಡುವ ಕೋನ ಒಂದು ರೇಡಿಯನ್. ಅದು ಸುಮಾರು 57.2958 ಡಿಗ್ರಿ. ಅರ್ಧ ಸುತ್ತು ಅಂದರೆ 180 ಡಿಗ್ರಿ, ಅಥವಾ ಪೈ ರೇಡಿಯನ್. ಡಿಗ್ರಿಯನ್ನು ಪೈ/180ರಿಂದ ಗುಣಿಸಿದರೆ ರೇಡಿಯನ್, ರೇಡಿಯನ್ ಅನ್ನು 180/ಪೈನಿಂದ ಗುಣಿಸಿದರೆ ಡಿಗ್ರಿ. ಗಣಿತ ಇಷ್ಟೇ.

ರೇಡಿಯನ್ ಅನ್ನುವ ಹೆಸರು ಅಚ್ಚಿನಲ್ಲಿ ಬಂದಿದ್ದು 1873ರಲ್ಲಿ, ಬೆಲ್‌ಫಾಸ್ಟ್‌ನಲ್ಲಿ ಜೇಮ್ಸ್ ಥಾಮ್ಸನ್ ತೆಗೆದ ಪರೀಕ್ಷೆಯ ಪ್ರಶ್ನೆಪತ್ರಿಕೆಯಲ್ಲಿ. ಆದರೆ ಈ ಯೋಚನೆ ನಮಗೆ ಹೊಸದೇನಲ್ಲ. ಕ್ರಿ.ಶ. 499ರ ಹೊತ್ತಿಗೇ ಆರ್ಯಭಟನ ಜ್ಯಾ (ಈಗಿನ ಸೈನ್) ಕೋಷ್ಟಕದಲ್ಲಿ ತ್ರಿಜ್ಯ 3438 ಇದೆ. ಇಡೀ ವೃತ್ತದ ಸುತ್ತಳತೆಯನ್ನು 21,600 ಕಲೆ (ಒಂದು ಕಲೆ ಅಂದರೆ ಡಿಗ್ರಿಯ ಅರವತ್ತನೇ ಒಂದು ಭಾಗ) ಅಂತ ಇಟ್ಟುಕೊಂಡರೆ ತ್ರಿಜ್ಯ ಅಷ್ಟು ಬರುತ್ತದೆ. 3438 ಕಲೆಯನ್ನು 60ರಿಂದ ಭಾಗಿಸಿ ನೋಡಿ, 57.3. ನಮ್ಮ ಒಂದು ರೇಡಿಯನ್ನೇ ಅದು.

ಹೆಸರಿರುವ ಫಂಕ್ಷನ್ನಾ, ಪೈ/180ರಾ?

ಎಕ್ಸೆಲ್, ಗೂಗಲ್ ಶೀಟ್ಸ್, ಲಿಬ್ರೆಆಫೀಸ್ ಕ್ಯಾಲ್ಕ್ ಮೂರರಲ್ಲೂ ರೇಡಿಯನ್ಸ್ ಮತ್ತು ಡಿಗ್ರೀಸ್ ಅನ್ನುವ ಫಂಕ್ಷನ್‌ಗಳಿವೆ. ಎ2 ಸೆಲ್ಲಿನಲ್ಲಿ 30 ಇದ್ದರೆ =ಸೈನ್(ರೇಡಿಯನ್ಸ್(ಎ2)) ಬರೆಯಿರಿ, 0.5 ಬರುತ್ತದೆ. ಬರೀ =ಸೈನ್(ಎ2) ಬರೆದರೆ ಮೈನಸ್ 0.988.

ಇನ್ನೊಂದು ದಾರಿ =ಸೈನ್(ಎ2*ಪೈ()/180). ಇದಕ್ಕೂ 0.5 ಬರುತ್ತದೆ. ನಿಖರತೆಯಲ್ಲಿ ಎರಡಕ್ಕೂ ಗುರುತಿಸುವಂಥ ವ್ಯತ್ಯಾಸ ಇಲ್ಲ.

ಹಾಗಾದರೆ ಯಾವುದು? ಶೀಟಿನಲ್ಲಿ ನಾನು ಮೊದಲನೆಯದನ್ನೇ ಹಿಡಿಯುತ್ತೇನೆ. ಕಾರಣ ವೇಗವೂ ಅಲ್ಲ, ನಿಖರತೆಯೂ ಅಲ್ಲ, ಓದುವ ಸುಖ. ಆರು ತಿಂಗಳು ಬಿಟ್ಟು ಶೀಟು ತೆರೆದಾಗ "ರೇಡಿಯನ್ಸ್" ಅನ್ನುವ ಪದ ತಾನೇ ತನ್ನ ಕೆಲಸ ಹೇಳುತ್ತದೆ. ಪೈ/180 ಮತ್ತು 180/ಪೈ ಹಾಗಲ್ಲ. ಅವಸರದಲ್ಲಿ ಒಂದರ ಜಾಗದಲ್ಲಿ ಇನ್ನೊಂದು ಬರೆದುಬಿಡುತ್ತೇವೆ. ಬ್ರಾಕೆಟ್ ತಪ್ಪಿದರೆ ಅದು ಬೇರೆ ರಾದ್ಧಾಂತ.

ಪೈ/180 ಗೆಲ್ಲುವ ಜಾಗವೂ ಇದೆ. ಇದೇ ಲೆಕ್ಕವನ್ನು ನಾಳೆ ಬೇರೆ ಯಾವುದೋ ಸಾಫ್ಟ್‌ವೇರಿಗೆ ಒಯ್ಯಬೇಕು, ಅಲ್ಲಿ ರೇಡಿಯನ್ಸ್ ಫಂಕ್ಷನ್ ಇದೆಯೋ ಇಲ್ಲವೋ ಗೊತ್ತಿಲ್ಲ ಅನ್ನುವಾಗ ಗುಣಾಕಾರ ಎಲ್ಲಿ ಬೇಕಾದರೂ ನಡೆಯುತ್ತದೆ. ಎಕ್ಸೆಲ್ಲಿನೊಳಗೇ ಇರುವ, ಹೊರಗಿನ ಡೇಟಾ ತಂದು ಹದ ಮಾಡುವ ಪವರ್ ಕ್ವೆರಿ ಇದಕ್ಕೆ ಒಳ್ಳೆ ಉದಾಹರಣೆ. ಅದರ ಭಾಷೆಯಲ್ಲಿ ನಂಬರ್.ಪೈ ಅನ್ನುವ ಸ್ಥಿರಾಂಕ ಇದೆ, ರೇಡಿಯನ್ಸ್ ಇಲ್ಲ. ಪವರ್ ಬಿಐ ಅನ್ನುವ ವರದಿ ಸಾಫ್ಟ್‌ವೇರಿನ ಫಾರ್ಮುಲಾ ಭಾಷೆ ಡ್ಯಾಕ್ಸ್‌ನಲ್ಲಿ ರೇಡಿಯನ್ಸೂ ಇದೆ, ಡಿಗ್ರೀಸೂ ಇದೆ. ಎಕ್ಸೆಲ್‌ನ ಪ್ರೋಗ್ರಾಮಿಂಗ್ ಭಾಷೆಯಾದ ವಿಬಿಎಯ ಮ್ಯಾಕ್ರೋದಲ್ಲಂತೂ ಪೈ ಕೂಡ ಇಲ್ಲ. ಅಲ್ಲಿ 4*ಎಟಿಎನ್(1) ಅಂತ ಬರೆದು ಪೈ ಹುಟ್ಟಿಸಿಕೊಳ್ಳಬೇಕು, ಇಲ್ಲವೇ ವರ್ಕ್‌ಶೀಟ್‌ಫಂಕ್ಷನ್ ಮೂಲಕ ಶೀಟಿನ ರೇಡಿಯನ್ಸನ್ನೇ ಕರೆಯಬೇಕು.

ಎಕ್ಸೆಲ್‌ನ ಕನ್ವರ್ಟ್ ಫಂಕ್ಷನ್ ಹುಡುಕಿಕೊಂಡು ಹೋಗಬೇಡಿ. ಕಿಲೋಮೀಟರ್, ಮೈಲಿ, ಸೆಲ್ಸಿಯಸ್ ಎಲ್ಲಾ ಮಾಡುತ್ತದೆ, ಕೋನ ಮಾತ್ರ ಮಾಡುವುದಿಲ್ಲ.

3.14 ಹಾಕಿದರೆ ಏನಾಗುತ್ತದೆ?

ಎಷ್ಟೋ ಹಳೆಯ ಶೀಟುಗಳಲ್ಲಿ ಎ2*3.14/180 ಅಂತ ಇರುತ್ತದೆ. ಕೆಲವರು 22/7 ಬರೆಯುತ್ತಾರೆ. ಇನ್ನು ಕೆಲವರು ನೇರವಾಗಿ 0.01745ರಿಂದ ಗುಣಿಸುತ್ತಾರೆ. ಇವು ಎಷ್ಟು ತಪ್ಪುತ್ತವೆ ಅಂತ ನೋಡಲು ಬೆಂಗಳೂರು–ಮೈಸೂರು ದೂರ ತೆಗೆದುಕೊಂಡೆ. ಬೆಂಗಳೂರು 12.97 ಉತ್ತರ, 77.59 ಪೂರ್ವ. ಮೈಸೂರು 12.30 ಉತ್ತರ, 76.64 ಪೂರ್ವ. ಭೂಮಿಯ ತ್ರಿಜ್ಯ 6,371 ಕಿ.ಮೀ. ಗೋಳದ ಮೇಲಿನ ಎರಡು ಜಾಗಗಳ ದೂರ ಕೊಡುವ ಹ್ಯಾವರ್ಸೈನ್ ಸೂತ್ರಕ್ಕೆ ಹಾಕಿದರೆ ಹಕ್ಕಿ ಹಾರುವ ದೂರ ಸುಮಾರು 127 ಕಿ.ಮೀ. ಬರುತ್ತದೆ.

| ಬಳಸಿದ್ದು | ಈ ದೂರದಲ್ಲಿ ಬರುವ ತಪ್ಪು |
|---|---|
| 3.14 | ಸುಮಾರು 62 ಮೀಟರ್ ಕಡಿಮೆ |
| 22/7 | ಸುಮಾರು 50 ಮೀಟರ್ ಜಾಸ್ತಿ |
| 0.01745 | ಸುಮಾರು 23 ಮೀಟರ್ ಕಡಿಮೆ |
| 3.1416 | ಸುಮಾರು 30 ಸೆಂ.ಮೀ. ಜಾಸ್ತಿ |
| 0.0174533 | ಸುಮಾರು 5 ಸೆಂ.ಮೀ. ಜಾಸ್ತಿ |
| ಬದಲಿಸುವುದನ್ನೇ ಮರೆತರೆ | ಉತ್ತರವೇ ಸುಮಾರು 7,300 ಕಿ.ಮೀ. |

ಎರಡು ವಿಷಯ ಗಮನಿಸಿ. 22/7 ಅಂದರೆ ಮೂಗು ಮುರಿಯುವವರು 3.14 ಬಳಸುತ್ತಾರೆ, ಆದರೆ ಇಬ್ಬರಲ್ಲಿ ಪೈಗೆ ಹತ್ತಿರ ಇರುವುದು 22/7. ಇನ್ನು 3.1416? 62,832ನ್ನು 20,000ದಿಂದ ಭಾಗಿಸಿ ಅಂತ ಆರ್ಯಭಟ ಹೇಳಿದ್ದು ಇದನ್ನೇ. ಹದಿನೈದು ನೂರು ವರ್ಷದ ಹಿಂದಿನ ಈ ಅಂಕಿ ನಮ್ಮ ಎಷ್ಟೋ ಶೀಟುಗಳಿಗಿಂತ ಚೆನ್ನಾಗಿದೆ.

ನಿಜ ಹೇಳಬೇಕೆಂದರೆ 62 ಮೀಟರಿಗೆ ಅಷ್ಟೊಂದು ಗಾಬರಿ ಬೇಡ. ಭೂಮಿಯನ್ನು ಪೂರ್ತಿ ಗೋಳ ಅಂದುಕೊಂಡಿದ್ದೇವಲ್ಲ, ಆ ಊಹೆಯೊಂದರಿಂದಲೇ ಅರ್ಧ ಪರ್ಸೆಂಟಿನವರೆಗೆ ವ್ಯತ್ಯಾಸ ಬರಬಹುದು. 3.14ರ ತಪ್ಪು ಅದರ ಹತ್ತನೇ ಒಂದು ಭಾಗ. ಇಂಥ ಕಡೆ ಪೈನ ಹದಿನೈದನೇ ಅಂಕಿಗೆ ಜಗಳ ಆಡುವುದು ಮೂಗಿಗಿಂತ ಮೂಗುತಿ ಭಾರ ಅಂದಂಗೆ. ಆದರೂ ಪೈ() ಅಂತ ಬರೆಯಲು ನಾಲ್ಕೇ ಕೀ ಒತ್ತಬೇಕು, 3.14ಕ್ಕೂ ನಾಲ್ಕೇ. ಸುಮ್ನೆ ಯಾಕೆ ಕಳೆದುಕೊಳ್ಳಬೇಕು?

ಕೈಯಿಂದ ಬರೆದ ಅಂಕಿ ಒಪ್ಪುವ ಜಾಗ ಒಂದೇ. ಪೈ ಫಂಕ್ಷನ್ ಇಲ್ಲದ ಸಣ್ಣ ಯಂತ್ರ ಅಥವಾ ಹಳೆಯ ಸಾಫ್ಟ್‌ವೇರ್. ಅಲ್ಲಿ 0.0174532925 ಅಂತ ಹತ್ತು ಸ್ಥಾನದವರೆಗೆ ಬರೆಯಿರಿ.

ಬೇರೆ ಕಾಲಂ ಮಾಡುವುದೋ, ಫಾರ್ಮುಲಾ ಒಳಗೇ ಮುಗಿಸುವುದೋ?

ನನ್ನ ಪ್ರಕಾರ ನಿಜವಾಗಿ ಯೋಚಿಸಬೇಕಾದ ಆಯ್ಕೆ ಇದು. ಯಾವ ಫಂಕ್ಷನ್ ಅನ್ನುವುದಕ್ಕಿಂತ ಎಲ್ಲಿ ಬದಲಿಸುತ್ತೀರಿ ಅನ್ನುವುದರಿಂದಲೇ ಜಾಸ್ತಿ ಶೀಟುಗಳು ಹಾಳಾಗುತ್ತವೆ.

ಒಂದು ಪದ್ಧತಿ: ಡಿಗ್ರಿ ಕಾಲಂ ಪಕ್ಕದಲ್ಲಿ ರೇಡಿಯನ್ ಕಾಲಂ ಮಾಡಿ, ಮುಂದಿನ ಲೆಕ್ಕಕ್ಕೆಲ್ಲ ಅದನ್ನೇ ಬಳಸುವುದು. ಫಾರ್ಮುಲಾಗಳು ಚಿಕ್ಕದಾಗುತ್ತವೆ. ಹ್ಯಾವರ್ಸೈನ್ ಸೂತ್ರದಲ್ಲಿ ನಾಲ್ಕು ಕಡೆ ರೇಡಿಯನ್ಸ್ ಹಾಕಬೇಕು. ಒಂದು ಕಡೆ ಬಿಟ್ಟರೂ ಉತ್ತರ ಹೋಯಿತು. ಆ ತಾಪತ್ರಯ ತಪ್ಪುತ್ತದೆ.

ಇನ್ನೊಂದು: ಶೀಟಿನಲ್ಲಿ ಡಿಗ್ರಿ ಮಾತ್ರ ಇಟ್ಟು, ಸೈನ್ ಕಾಸ್ ಬ್ರಾಕೆಟ್ಟಿನೊಳಗೇ ಬದಲಿಸುವುದು. ಫಾರ್ಮುಲಾ ಉದ್ದ, ಆದರೆ ಶೀಟಿನಲ್ಲಿ ಕಣ್ಣಿಗೆ ಬೀಳುವ ಕೋನವೆಲ್ಲಾ ಡಿಗ್ರಿಯೇ.

ಶೀಟು ನಿಮ್ಮೊಬ್ಬರದೇ ಆದರೆ ಮೊದಲನೆಯದು ಆರಾಮ. ನಾಲ್ಕು ಜನರ ಕೈ ಸುತ್ತುವ ಶೀಟಾದರೆ ಎರಡನೆಯದೇ ಸರಿ. ಯಾಕೆಂದರೆ ರೇಡಿಯನ್ ಕಾಲಂ ಕಂಡವರು ಅದನ್ನೂ ಡಿಗ್ರಿ ಅಂದುಕೊಂಡು ಇನ್ನೊಂದು ಸಲ ಬದಲಿಸುತ್ತಾರೆ. 30 ಡಿಗ್ರಿ ಮೊದಲ ಸಲ 0.5236 ಆಗುತ್ತದೆ, ಎರಡನೇ ಸಲ 0.00914. ನಾನು ಮೊದಲು ಕೆಲಸ ಮಾಡುತ್ತಿದ್ದ ಒಂದು ಕಡೆ ಇದೇ ಆಗಿ, ಇಡೀ ಜಿಲ್ಲೆಯ ಟವರ್‌ಗಳೆಲ್ಲ ನಕ್ಷೆಯಲ್ಲಿ ಆಫ್ರಿಕಾದ ಪಕ್ಕದ ಸಮುದ್ರಕ್ಕೆ ಬಿದ್ದಿದ್ದವು. ಅಕ್ಷಾಂಶ ರೇಖಾಂಶ ಎರಡೂ ಸೊನ್ನೆ ಆಗುವ ಜಾಗ ಅದೇ ತಾನೇ.

ಕಾಲಂ ಯಾವುದರಲ್ಲಿದೆ ಅಂತ ಮೂಸಿ ನೋಡುವ ಉಪಾಯ ಒಂದಿದೆ. ಭಾರತದ ಮುಖ್ಯ ಭೂಭಾಗದ ಅಕ್ಷಾಂಶಗಳು ಡಿಗ್ರಿಯಲ್ಲಿ ಸುಮಾರು 8ರಿಂದ 37, ರೇಡಿಯನ್‌ನಲ್ಲಿ 0.14ರಿಂದ 0.65. ರೇಖಾಂಶಗಳು ಡಿಗ್ರಿಯಲ್ಲಿ 68ರಿಂದ 97, ರೇಡಿಯನ್‌ನಲ್ಲಿ 1.19ರಿಂದ 1.69. ಕಾಲಮ್ಮಿನ ಮ್ಯಾಕ್ಸ್ ತೆಗೆದು ನೋಡಿದರೆ ಕ್ಷಣದಲ್ಲಿ ಗೊತ್ತಾಗುತ್ತದೆ.

ಮೂರನೇ ದಾರಿಯೂ ಉಂಟು. ಮೈಕ್ರೋಸಾಫ್ಟ್ 365ರ ಎಕ್ಸೆಲ್‌ನಲ್ಲಿ ಲ್ಯಾಂಬ್ಡಾ, ಗೂಗಲ್ ಶೀಟ್ಸ್‌ನಲ್ಲಿ ನೇಮ್ಡ್ ಫಂಕ್ಷನ್ ಬಳಸಿ, ಡಿಗ್ರಿಯನ್ನೇ ತೆಗೆದುಕೊಳ್ಳುವ ನಿಮ್ಮದೇ "ಸೈನ್‌ಡಿಗ್ರಿ" ಫಂಕ್ಷನ್ ಮಾಡಿಕೊಳ್ಳಬಹುದು. ಚೆನ್ನಾಗಿದೆ. ಆದರೆ ಹಳೆಯ ಎಕ್ಸೆಲ್ ಇರುವವರಿಗೆ ಕಳಿಸಿದರೆ ಅವರ ಕಡೆ ನಡೆಯುವುದಿಲ್ಲ.

ಡಿಗ್ರಿ-ನಿಮಿಷ-ಸೆಕೆಂಡ್ ಇದ್ದರೆ

ಸರ್ವೆಯವರು ಕೋನ, ದೂರ ಅಳೆಯುವ ಟೋಟಲ್ ಸ್ಟೇಷನ್ ಯಂತ್ರದಿಂದ ಬಂದ ಕೋನಗಳು ಸಾಮಾನ್ಯವಾಗಿ 12 ಡಿಗ್ರಿ 58 ನಿಮಿಷ 17 ಸೆಕೆಂಡ್ ಅನ್ನುವ ರೂಪದಲ್ಲಿರುತ್ತವೆ. ಇದನ್ನು 12.5817 ಅಂತ ಟೈಪ್ ಮಾಡಿಬಿಡುವುದು ತುಂಬಾ ಸಾಮಾನ್ಯವಾದ ಎಡವಟ್ಟು. ನಿಜವಾದ ಬೆಲೆ 12.9714. ಅಕ್ಷಾಂಶದಲ್ಲಿ ಈ ತಪ್ಪು ಮಾಡಿದರೆ ನಿಮ್ಮ ಸೈಟು ಸುಮಾರು 43 ಕಿ.ಮೀ. ದಕ್ಷಿಣಕ್ಕೆ ಹೋಗುತ್ತದೆ.

ಮೂರನ್ನೂ ಮೂರು ಕಾಲಮ್ಮಿನಲ್ಲಿ ಇಟ್ಟು =ಎ2+ಬಿ2/60+ಸಿ2/3600 ಮಾಡುವುದು ನೇರ ದಾರಿ. ಮೈನಸ್ ಕೋನ ಇದ್ದರೆ ಮಾತ್ರ ಹುಷಾರು. ಮೈನಸ್ 12 ಡಿಗ್ರಿಗೆ ಪ್ಲಸ್ 58 ನಿಮಿಷ ಕೂಡಿಸಿದರೆ ಕೋನ ಹಿಂದಕ್ಕೆ ಸರಿಯುತ್ತದೆ. ಮೊದಲು ಚಿಹ್ನೆ ಬಿಟ್ಟು ಲೆಕ್ಕ ಮಾಡಿ, ಕೊನೆಗೆ ಮೈನಸ್ ಹಾಕಿ.

ಕುಶಲದ ದಾರಿ ಇನ್ನೊಂದು. ಕೋನವನ್ನು ಗಡಿಯಾರದ ಸಮಯದ ಹಾಗೆ 12:58:17 ಅಂತ ಟೈಪ್ ಮಾಡಿ. ಶೀಟು ಸಮಯವನ್ನು ದಿನದ ಭಾಗವಾಗಿ ಇಟ್ಟುಕೊಳ್ಳುತ್ತದೆ. 24ರಿಂದ ಗುಣಿಸಿದರೆ 12.9714 ಸಿಗುತ್ತದೆ. =ರೇಡಿಯನ್ಸ್(ಎ2*24) ಬರೆದರೆ ಮುಗಿಯಿತು. ಉತ್ತರದ ಸೆಲ್ಲನ್ನು ನಂಬರ್ ಫಾರ್ಮ್ಯಾಟಿಗೆ ಬದಲಿಸಲು ಮರೆಯಬೇಡಿ. 77:35:40 ಥರದ ಕೋನಗಳಿಗೆ ಫಾರ್ಮ್ಯಾಟಿನಲ್ಲಿ ಗಂಟೆಯನ್ನು ಚೌಕ ಬ್ರಾಕೆಟ್ಟಿನಲ್ಲಿಡಿ, ಇಲ್ಲದಿದ್ದರೆ 77 ಹೋಗಿ 5 ಕಾಣಿಸುತ್ತದೆ. ನೂರಾರು ಸಾಲು ಟೈಪ್ ಮಾಡುವವರಿಗೆ ಇದು ವರ. ಮೈನಸ್ ಸಮಯವನ್ನು ಮಾತ್ರ ಎಕ್ಸೆಲ್ ತೋರಿಸಲು ಒಪ್ಪುವುದಿಲ್ಲ, ಸೆಲ್ ತುಂಬ ಹ್ಯಾಶ್ ಗುರುತು ಬರುತ್ತದೆ. ನಮ್ಮ ದೇಶದ ಅಕ್ಷಾಂಶ ರೇಖಾಂಶ ಎರಡೂ ಪ್ಲಸ್ ಆದ್ದರಿಂದ ಆ ಚಿಂತೆ ಕಡಿಮೆ.

ವಾಪಸ್ ಬರುವಾಗ

ಸೈನ್, ಕಾಸ್, ಟ್ಯಾನ್ ಬೆಲೆಯಿಂದ ಕೋನ ಹುಡುಕುವ ಎಸೈನ್, ಎಕಾಸ್, ಎಟ್ಯಾನ್ ಕೊಡುವ ಉತ್ತರ ರೇಡಿಯನ್. ಹೋಗುವಾಗ ರೇಡಿಯನ್ಸ್ ನೆನಪಿಟ್ಟುಕೊಂಡವರೂ ಬರುವಾಗ ಡಿಗ್ರೀಸ್ ಮರೆಯುತ್ತಾರೆ. ಇಳಿಜಾರಿನ ಕೋನ 0.46 ಅಂತ ಕಂಡರೆ ಅದು ಅರ್ಧ ಡಿಗ್ರಿಯಲ್ಲ, 26 ಡಿಗ್ರಿ.

ದಿಕ್ಕು ಹುಡುಕುವಾಗ, ಎಕ್ಸ್ ಮತ್ತು ವೈ ಎರಡನ್ನೂ ತೆಗೆದುಕೊಂಡು ಕೋನ ಕೊಡುವ ಎಟ್ಯಾನ್2 ಬೇಕಾಗುತ್ತದೆ. ಇಲ್ಲಿ ಒಂದು ಹಳ್ಳ ಇದೆ. ಎಕ್ಸೆಲ್, ಗೂಗಲ್ ಶೀಟ್ಸ್, ಕ್ಯಾಲ್ಕ್ ಮೂರರಲ್ಲೂ ಎಕ್ಸ್ ಮೊದಲು, ವೈ ಆಮೇಲೆ. ಪೈಥಾನ್ ಭಾಷೆಯಲ್ಲಿ ಮತ್ತು ಮೈಎಸ್‌ಕ್ಯುಎಲ್ ಡೇಟಾಬೇಸ್‌ನಲ್ಲಿ ವೈ ಮೊದಲು, ಎಕ್ಸ್ ಆಮೇಲೆ. ಶೀಟಿನ ಫಾರ್ಮುಲಾವನ್ನು ಹಾಗೇ ಕೋಡಿಗೆ ನಕಲು ಮಾಡಿದರೆ ದಿಕ್ಕು ಅಡ್ಡಾದಿಡ್ಡಿ. ಡಿಗ್ರಿಗೆ ಬದಲಿಸಿದರೆ ಉತ್ತರ ಮೈನಸ್ 180ರಿಂದ 180ರ ಒಳಗೆ ಬರುತ್ತದೆ. ಸರ್ವೆಯಲ್ಲಿ ಬೇಕಾಗುವ ಹಾಗೆ 0ಯಿಂದ 360 ಮಾಡಲು =ಮಾಡ್(ಡಿಗ್ರೀಸ್(ಎಟ್ಯಾನ್2(ಎ2,ಬಿ2)),360) ಸಾಕು.

=ಕಾಸ್(ರೇಡಿಯನ್ಸ್(90)) ಬರೆದಾಗ ಪೂರ್ತಿ ಸೊನ್ನೆ ಬರಲಿಲ್ಲ ಅಂತ ಫಾರ್ಮುಲಾ ಬದಲಿಸಬೇಡಿ. ದಶಮಾಂಶ ಬಿಂದುವಿನ ನಂತರ ಹದಿನಾರು ಸೊನ್ನೆ ದಾಟಿ 61 ಅಂತೇನೋ ಕಾಣುತ್ತದೆ. ಪೈಗೆ ಕೊನೆಯಿಲ್ಲ, ಕಂಪ್ಯೂಟರ್ ಎಲ್ಲೋ ಒಂದು ಕಡೆ ಕತ್ತರಿಸಲೇಬೇಕು. ಸೊನ್ನೆಯಾ ಅಂತ ಇಫ್ ಹಾಕಿ ನೋಡುವ ಮೊದಲು ರೌಂಡ್ ಮಾಡಿ. ಇದೇ ಕಾರಣಕ್ಕೆ ಟ್ಯಾನ್ 90 ಎರರ್ ಕೊಡುವುದಿಲ್ಲ, ಒಂದು ಭಾರಿ ದೊಡ್ಡ ಸಂಖ್ಯೆ ಕೊಡುತ್ತದೆ.

ಡೇಟಾಬೇಸ್‌ನಲ್ಲಿ ಮಾಡುವುದಾದರೆ

ಸಾಲುಗಳು ಲಕ್ಷ ದಾಟಿದರೆ ಶೀಟು ಬಿಟ್ಟು ಕ್ವೆರಿಯಲ್ಲೇ ಬದಲಿಸುವುದು ಮೇಲು. ಮೈಎಸ್‌ಕ್ಯುಎಲ್‌ನಲ್ಲಿ ರೇಡಿಯನ್ಸ್, ಡಿಗ್ರೀಸ್, ಪೈ ಮೂರೂ ಇವೆ. ನನಗೆ ತುಂಬಾ ಇಷ್ಟವಾದದ್ದು ಪೋಸ್ಟ್‌ಗ್ರೆಸ್. ಅದರಲ್ಲಿ 9.6ರಿಂದ ಸೈನ್‌ಡಿ, ಕಾಸ್‌ಡಿ, ಟ್ಯಾನ್‌ಡಿ ಇವೆ. ಡಿಗ್ರಿ ಕೊಟ್ಟರೆ ಸಾಕು, ಬದಲಿಸುವ ಮಾತೇ ಇಲ್ಲ. ಶೀಟುಗಳಲ್ಲೂ ಇವು ಇದ್ದಿದ್ದರೆ ನಾನು ಭಾವನ ಎದುರು ಮುಖ ಸಪ್ಪೆ ಮಾಡಿಕೊಳ್ಳಬೇಕಿರಲಿಲ್ಲ. ಎಸ್‌ಕ್ಯುಲೈಟ್‌ಗೆ ರೇಡಿಯನ್ಸ್ ಬಂದಿದ್ದು 2021ರ 3.35ರಲ್ಲಿ, ಅದೂ ಗಣಿತದ ಫಂಕ್ಷನ್‌ಗಳನ್ನು ಸೇರಿಸಿ ಕಟ್ಟಿದ್ದರೆ ಮಾತ್ರ. ಒರಾಕಲ್‌ನಲ್ಲಿ ಪೈಯೂ ಇಲ್ಲ, ಎಕಾಸ್(-1) ಅಂತ ಬರೆದು ತೆಗೆಯಬೇಕು.

ಹೆಚ್ಚು ಕಾಡುವುದು ಎಸ್‌ಕ್ಯುಎಲ್ ಸರ್ವರ್. ಅಲ್ಲಿ ರೇಡಿಯನ್ಸ್‌ಗೆ ಪೂರ್ಣಾಂಕ ಕೊಟ್ಟರೆ ಉತ್ತರವೂ ಪೂರ್ಣಾಂಕ. ರೇಡಿಯನ್ಸ್(90) ಕೇಳಿದರೆ 1.5708 ಅಲ್ಲ, ಬರೀ 1. ರೇಡಿಯನ್ಸ್(45) ಕೇಳಿದರೆ 0. ಫಂಕ್ಷನ್ ಸರಿಯಾಗಿದೆ, ಬ್ರಾಕೆಟ್ ಸರಿಯಾಗಿದೆ, ಉತ್ತರ ಮಾತ್ರ ತಪ್ಪು. ಕೋನದ ಕಾಲಂ ಇಂಟಿಜರ್ (ಪೂರ್ಣಾಂಕ) ಆಗಿದ್ದರೆ ಮೊದಲು ಫ್ಲೋಟ್ (ದಶಮಾಂಶ ಸಂಖ್ಯೆ) ಮಾಡಿಕೊಳ್ಳಿ. ಕೈಯಿಂದ ಬರೆಯುವುದಾದರೆ 90 ಬದಲು 90.0 ಬರೆಯಿರಿ.

ನನ್ನ ಶೀಟುಗಳ ಮೊದಲ ಸಾಲಿನಲ್ಲಿ ಈಗ ಒಂದು ಪರೀಕ್ಷೆಯ ಕೋನ ಇರುತ್ತದೆ, 30. ಅದರ ಸೈನ್ 0.5 ಬರದಿದ್ದರೆ ಸೆಲ್ ಕೆಂಪಾಗುವ ಹಾಗೆ ಕಂಡೀಷನಲ್ ಫಾರ್ಮ್ಯಾಟಿಂಗ್ ಹಾಕಿದ್ದೇನೆ. ಕಾಲಂ ತಲೆಯಲ್ಲಿ ಬರೀ "ಕೋನ" ಅಂತ ಬರೆಯುವುದಿಲ್ಲ, "ಕೋನ ಡಿಗ್ರಿ" ಅಂತಲೇ ಬರೆಯುತ್ತೇನೆ. ಭಾವನ ತಾರಸಿಯಲ್ಲಿ ಪ್ಯಾನೆಲ್‌ಗಳು ಗೋಡೆಯಿಂದ ಒಂದೂವರೆ ಮೀಟರ್ ದೂರದಲ್ಲಿವೆ. 0.74 ಮಟಮಟ ಮಧ್ಯಾಹ್ನದ ಲೆಕ್ಕ. ಹೊತ್ತು ಇಳಿದ ಹಾಗೆ ಸೂರ್ಯನೂ ಇಳಿಯುತ್ತಾನೆ, ನೆರಳು ಉದ್ದವಾಗುತ್ತದೆ. ಅದಕ್ಕೆ ಅಂತ ಒಂದಿಷ್ಟು ಜಾಸ್ತಿ ಬಿಟ್ಟೆವು.